ಫಲಾನುಭವಿಗಳ ಪಟ್ಟಿಯಲ್ಲಿ ಹೆಸರುಂಟು, ನೀತಿ ರೂಪಿಸುವ ಸಭೆಯಲ್ಲಿ ಕುರ್ಚಿಯಿಲ್ಲ

ಬೆಂಗಳೂರು: ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರೆತ್ತದೆ ಕರ್ನಾಟಕದ ಸಂಗೀತ ಚರಿತ್ರೆ ಪೂರ್ಣವಾಗುವುದಿಲ್ಲ. ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಕಟ್ಟಿದ ಈ ಪರಂಪರೆಯನ್ನು 1944ರಲ್ಲಿ ಅವರು ತೀರಿಕೊಂಡ ಮೇಲೆ ಮುನ್ನಡೆಸಿದವರು ಅವರ ಶಿಷ್ಯ, ಅಂಧರೇ ಆದ ಪುಟ್ಟರಾಜ ಗವಾಯಿಗಳು. ಅಲ್ಲಿ ಯಾರಿಗೆ ಏನನ್ನು ಕಲಿಸಬೇಕು, ಕಣ್ಣು ಕಾಣದ ಹುಡುಗನಿಗೆ ರಾಗವನ್ನು ಹೇಗೆ ದಾಟಿಸಬೇಕು, ಆಶ್ರಮದ ಖರ್ಚಿಗೆ ನಾಟಕ ಕಂಪನಿಯನ್ನು ಹೇಗೆ ನಡೆಸಬೇಕು ಎಂಬ ತೀರ್ಮಾನಗಳೆಲ್ಲ ಅಂಧ ಕಲಾವಿದರದ್ದೇ ಆಗಿದ್ದವು. ಸರ್ಕಾರದ ಸಮಿತಿಯೊಂದು ರೂಪಿಸಿಕೊಟ್ಟ ಯೋಜನೆ ಅದಾಗಿರಲಿಲ್ಲ.

ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಸಂದಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅವರು ಅಗಲಿದರು. ನಾಡು ಅವರನ್ನು ಮನಸಾರೆ ಗೌರವಿಸಿತು. ಆದರೆ ಅವರು ನಡೆದು ತೋರಿಸಿದ ಮುಖ್ಯ ಪಾಠ, ಅಂದರೆ ಅಂಗವಿಕಲ ಕಲಾವಿದರು ನೆರವು ಪಡೆಯುವವರಷ್ಟೇ ಅಲ್ಲ, ಕಲೆಯ ಆಡಳಿತವನ್ನೂ ನಡೆಸಬಲ್ಲರು ಎಂಬುದು, ಸರ್ಕಾರದ ಕಲಾನೀತಿಯೊಳಗೆ ಇಳಿದಿದೆಯೇ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಕಾಯ್ದೆ ಕೊಟ್ಟ ಹಕ್ಕು, ಕಾಯ್ದೆಯೇ ಬಿಟ್ಟ ಕೊರತೆ

ಕಾಗದದ ಮೇಲೆ ಹಕ್ಕುಗಳಿಗೆ ಬರವಿಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ವಿಶ್ವಸಂಸ್ಥೆ ಒಡಂಬಡಿಕೆಗೆ ಭಾರತ 2007ರ ಅಕ್ಟೋಬರ್‌ನಲ್ಲಿ ಅನುಮೋದನೆ ನೀಡಿತು. ಒಡಂಬಡಿಕೆಯ 30ನೇ ವಿಧಿ ಅಂಗವಿಕಲರ ಸೃಜನಶೀಲ ಶಕ್ತಿಯನ್ನು ಅವರ ಸ್ವಂತ ಹಿತಕ್ಕಾಗಿ ಮಾತ್ರವಲ್ಲದೆ ಸಮಾಜದ ಸಮೃದ್ಧಿಗಾಗಿಯೂ ಬೆಳೆಸಬೇಕೆನ್ನುತ್ತದೆ. ತಮಗೆ ಸಂಬಂಧಿಸಿದ ನೀತಿ ರೂಪಿಸುವಾಗ ಅಂಗವಿಕಲರೊಂದಿಗೆ ನಿಕಟವಾಗಿ ಸಮಾಲೋಚಿಸಿ, ಅವರನ್ನು ಸಕ್ರಿಯವಾಗಿ ತೊಡಗಿಸಿಕೊಳ್ಳುವುದು ಸರ್ಕಾರಗಳ ಹೊಣೆ ಎಂದು 4ನೇ ವಿಧಿ ವಿಧಿಸುತ್ತದೆ.

ಇದರ ಬೆನ್ನಿಗೇ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಇದರ 29ನೇ ಸೆಕ್ಷನ್ ಸಂಪೂರ್ಣವಾಗಿ ಸಂಸ್ಕೃತಿ ಮತ್ತು ಮನರಂಜನೆಗೇ ಮೀಸಲು. ಅಂಗವಿಕಲ ಕಲಾವಿದರಿಗೆ, ಬರಹಗಾರರಿಗೆ ಸೌಲಭ್ಯ ಹಾಗೂ ಪ್ರಾಯೋಜಕತ್ವ, ಕಲೆ ಎಲ್ಲರ ಕೈಗೆಟಕುವಂತೆ ಮಾಡುವುದು, ಕಲಾ ಪಠ್ಯಕ್ರಮಗಳ ಮರುರಚನೆ, ಅಂಗವಿಕಲರ ಚರಿತ್ರೆಯನ್ನು ಹೇಳುವ ವಸ್ತುಸಂಗ್ರಹಾಲಯ ಸ್ಥಾಪನೆ ಇವೆಲ್ಲವೂ ಅದರಲ್ಲಿವೆ. ಸ್ಥಳೀಯ ಸಂಸ್ಥೆಗಳಿಗೂ ಈ ಹೊಣೆ ಅನ್ವಯಿಸುತ್ತದೆ.

ವಿಪರ್ಯಾಸ ಇರುವುದು ಅದೇ ಕಾಯ್ದೆಯ 66ನೇ ಸೆಕ್ಷನ್‌ನಲ್ಲಿ. ರಾಜ್ಯಮಟ್ಟದ ಅಂಗವೈಕಲ್ಯ ಸಲಹಾ ಮಂಡಳಿಯ ರಚನೆಯನ್ನು ಹೇಳುವ ಈ ಸೆಕ್ಷನ್, ಯಾವ ಯಾವ ಇಲಾಖೆಗಳ ಕಾರ್ಯದರ್ಶಿಗಳು ಅದರ ಸದಸ್ಯರಾಗಿರಬೇಕೆಂದು ಉದ್ದದ ಪಟ್ಟಿಯನ್ನೇ ಕೊಡುತ್ತದೆ. ಶಿಕ್ಷಣ, ಆರೋಗ್ಯ, ಹಣಕಾಸು, ನಗರಾಭಿವೃದ್ಧಿ, ಸಾರಿಗೆ, ಯುವಜನ ಸೇವೆ ಮತ್ತು ಕ್ರೀಡೆ ಎಲ್ಲವೂ ಅದರಲ್ಲಿವೆ. ಸಂಸ್ಕೃತಿ ಇಲಾಖೆಯ ಹೆಸರಿಲ್ಲ. ಕೇಂದ್ರ ಮಂಡಳಿಯ ಪಟ್ಟಿಯೂ ಹೀಗೆಯೇ ಇದೆ. ಕ್ರೀಡೆಗೆ ದೊರೆತ ಸ್ಥಾನ ಕಲೆಗೆ ದೊರೆಯಲಿಲ್ಲ. ಒಂದು ಸೆಕ್ಷನ್ ಕಲಾವಿದರಿಗೆ ಹಕ್ಕು ಕೊಟ್ಟರೆ, ಆ ಹಕ್ಕನ್ನು ಜಾರಿಗೆ ತರಬೇಕಾದ ಇಲಾಖೆಯನ್ನು ಇನ್ನೊಂದು ಸೆಕ್ಷನ್ ಸಭೆಗೆ ಕರೆಯಲು ಮರೆತಿದೆ.

ಇದರ ಫಲವಾಗಿ ಅಂಗವಿಕಲ ಕಲಾವಿದ ಎರಡು ಕಚೇರಿಗಳ ನಡುವೆ ನಿಲ್ಲಬೇಕಾಗುತ್ತದೆ. ಗುರುತಿನ ಚೀಟಿ, ಸಾಧನ ಸಲಕರಣೆಗಳಿಗೆ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯತ್ತ ನಡೆಯಬೇಕು. ಕಾರ್ಯಕ್ರಮ, ಧನಸಹಾಯ, ಮಾಸಾಶನಗಳಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಬಾಗಿಲು ತಟ್ಟಬೇಕು. ಮೊದಲನೆಯದು ಅವನನ್ನು ಅಂಗವಿಕಲನೆಂದು, ಎರಡನೆಯದು ಕಲಾವಿದನೆಂದು ಗುರುತಿಸುತ್ತದೆ. ಎರಡೂ ಆಗಿರುವವನ ಅಗತ್ಯವೇನೆಂದು ಕೇಳುವ ಮೇಜು ಕಾಯ್ದೆಯ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ.

ಕೇಳದೆ ಬರೆದ ಕರಡು

ಬಾಧಿತರನ್ನು ಕೇಳುವುದು ಸೌಜನ್ಯದ ಮಾತಷ್ಟೇ ಎಂದು ಭಾವಿಸುವವರು ಹಕ್ಕುಸ್ವಾಮ್ಯ ಕಾಯ್ದೆಯ ತಿದ್ದುಪಡಿಯ ಕಥೆಯನ್ನು ಗಮನಿಸಬೇಕು. 2010ರಲ್ಲಿ ಸಂಸತ್ತಿನ ಮುಂದೆ ಬಂದ ಮಸೂದೆ, ಪುಸ್ತಕಗಳನ್ನು ಅಂಗವಿಕಲರಿಗಾಗಿ ರೂಪಾಂತರಿಸಲು ವಿನಾಯಿತಿ ನೀಡುವ ಒಳ್ಳೆಯ ಉದ್ದೇಶವನ್ನೇ ಹೊಂದಿತ್ತು. ಆದರೆ ಆ ವಿನಾಯಿತಿ ಬ್ರೈಲ್‌ನಂಥ ವಿಶೇಷ ಮಾದರಿಗಳಿಗೆ ಸೀಮಿತವಾಗಿತ್ತು. ಉಳಿದವಕ್ಕೆ ಪರವಾನಗಿ ಪಡೆಯುವ ಹಾದಿ ಹಿಡಿಯಬೇಕಿತ್ತು.

ಕರಡು ಬರೆದವರ ಕಲ್ಪನೆಯಲ್ಲಿ ಅಂಧ ಓದುಗನೆಂದರೆ ಬ್ರೈಲ್ ಓದುವವನು. ವಾಸ್ತವ ಬೇರೆಯೇ ಆಗಿತ್ತು. ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರು, ಕಂಪ್ಯೂಟರ್ ಓದಿ ಹೇಳುವ ತಂತ್ರಾಂಶವನ್ನು ನೆಚ್ಚಿದವರು, ಕೈಯಲ್ಲಿ ಪುಸ್ತಕ ಹಿಡಿಯಲಾಗದವರು, ಅಕ್ಷರ ಗುರುತಿಸುವಲ್ಲಿ ತೊಡಕುಳ್ಳವರು ಇವರಾರಿಗೂ ಆ ಮಸೂದೆಯಿಂದ ಪ್ರಯೋಜನವಿರಲಿಲ್ಲ. ಅಂಗವಿಕಲರ ಸಂಘಟನೆಗಳು ಇದನ್ನು ಎತ್ತಿ ತೋರಿಸಿ ಹೋರಾಡಿದವು. 2012ರಲ್ಲಿ ಅಂಗೀಕಾರವಾದ ತಿದ್ದುಪಡಿ, ಓದಲು ಅನುಕೂಲವಾದ ಯಾವುದೇ ಮಾದರಿಗೂ ವಿನಾಯಿತಿಯನ್ನು ವಿಸ್ತರಿಸಿತು. ಮುಂದೆ ಇದೇ ವಿಷಯದ ಮರ್ರಕೇಶ್ ಒಪ್ಪಂದವನ್ನು 2014ರ ಜೂನ್‌ನಲ್ಲಿ ಅನುಮೋದಿಸಿದ ಮೊದಲ ದೇಶ ಭಾರತವಾಯಿತು.

ಸಿನಿಮಾ ಕ್ಷೇತ್ರದಲ್ಲಿ ಇದೇ ಬಗೆಯ ಬದಲಾವಣೆ ನ್ಯಾಯಾಲಯದ ಮೂಲಕ ಬಂದಿತು. 'ಪಠಾಣ್' ಚಿತ್ರದ ಸಂಬಂಧ ಅಂಗವಿಕಲರು ಹೂಡಿದ ಅರ್ಜಿಯ ಮೇಲೆ ದೆಹಲಿ ಹೈಕೋರ್ಟ್ 2023ರ ಜನವರಿಯಲ್ಲಿ ನಿರ್ದೇಶನ ನೀಡಿತು. 2024ರ ಮಾರ್ಚ್ 15ರಂದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಚಿತ್ರಮಂದಿರಗಳಿಗೆ ಮಾರ್ಗಸೂಚಿ ಹೊರಡಿಸಿತು. ದೃಶ್ಯವನ್ನು ಮಾತಿನಲ್ಲಿ ವಿವರಿಸುವ ಧ್ವನಿ, ಕಿವುಡ ಪ್ರೇಕ್ಷಕರಿಗೆ ಅಕ್ಷರರೂಪದ ಸಂಭಾಷಣೆ ಅದರ ಮುಖ್ಯಾಂಶಗಳು. ಅದೇ ವರ್ಷದ ಜುಲೈ 8ರಂದು, ನಿಪುಣ್ ಮಲ್ಹೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಂಗವಿಕಲರನ್ನು ಬಿಟ್ಟು ಅವರ ಬಗ್ಗೆ ನಿರ್ಧಾರ ಕೂಡದೆಂಬ ತತ್ವವನ್ನು, ಸಿನಿಮಾಟೋಗ್ರಾಫ್ ಕಾಯ್ದೆಯಡಿ ಶಾಸನಬದ್ಧ ಸಮಿತಿಗಳನ್ನು ರಚಿಸುವಾಗಲೂ ತಜ್ಞರ ಅಭಿಪ್ರಾಯ ಪಡೆಯುವಾಗಲೂ ಪಾಲಿಸಬೇಕೆಂದು ಹೇಳಿತು.

ಗಮನಿಸಬೇಕಾದ ಸಂಗತಿಯೆಂದರೆ, ಪುಸ್ತಕದ ತಿದ್ದುಪಡಿಯಲ್ಲಿ ಗೆದ್ದವನು ಓದುಗ, ಚಿತ್ರಮಂದಿರದ ಮಾರ್ಗಸೂಚಿಯಲ್ಲಿ ಗೆದ್ದವನು ಪ್ರೇಕ್ಷಕ. ಬರೆಯುವ, ಹಾಡುವ, ಕುಣಿಯುವ, ಬಣ್ಣ ಹಚ್ಚುವ ಅಂಗವಿಕಲನ ಸರದಿ ಇನ್ನೂ ಬರಬೇಕಿದೆ.

ರ‍್ಯಾಂಪ್ ಯಾವ ಬಾಗಿಲಿಗೆ?

ರಂಗಮಂದಿರಗಳ ವಿಷಯವನ್ನೇ ತೆಗೆದುಕೊಳ್ಳಬಹುದು. ಈಗಿರುವ ಸಾರ್ವಜನಿಕ ಕಟ್ಟಡಗಳನ್ನೆಲ್ಲ ನಿಯಮಾವಳಿ ಪ್ರಕಟವಾದ ಐದು ವರ್ಷಗಳೊಳಗೆ ಅಂಗವಿಕಲಸ್ನೇಹಿಯಾಗಿಸಬೇಕೆಂದು ಕಾಯ್ದೆಯ 45ನೇ ಸೆಕ್ಷನ್ ಹೇಳಿತ್ತು. ನಿಯಮಾವಳಿ ಪ್ರಕಟವಾದದ್ದು 2017ರ ಜೂನ್‌ನಲ್ಲಿ. ಗಡುವು 2022ಕ್ಕೆ ಮುಗಿಯಿತು. ಸುಗಮ ಪ್ರವೇಶದ ಮಾನದಂಡಗಳನ್ನು ಬರಿಯ ಸಲಹೆಯ ರೂಪದಲ್ಲಿಟ್ಟಿದ್ದ 15ನೇ ನಿಯಮ ಮೂಲ ಕಾಯ್ದೆಗೆ ವಿರುದ್ಧವೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ತೀರ್ಪಿತ್ತಿತು. ಕಡ್ಡಾಯ ಮಾನದಂಡಗಳನ್ನು ಮೂರು ತಿಂಗಳಲ್ಲಿ ರೂಪಿಸುವಂತೆಯೂ ಕೇಂದ್ರಕ್ಕೆ ಸೂಚಿಸಿತು.

ಆದರೆ ಮಾನದಂಡವೊಂದೇ ಸಾಲದು. ರಂಗಮಂದಿರಕ್ಕೆ ರ‍್ಯಾಂಪ್ ಬೇಕೆಂದರೆ ಎಂಜಿನಿಯರ್ ಸಹಜವಾಗಿ ನೋಡುವುದು ಮುಂಬಾಗಿಲನ್ನು. ಗಾಲಿಕುರ್ಚಿಯಲ್ಲಿ ಬರುವವನು ಪ್ರೇಕ್ಷಕನೆಂಬುದು ಅಲ್ಲಿ ಅಡಗಿರುವ ಊಹೆ. ಗಾಲಿಕುರ್ಚಿಯ ನಟನಿಗೆ ಬೇಕಾದದ್ದು ಬಣ್ಣದ ಕೋಣೆಯ ಅಗಲವಾದ ಬಾಗಿಲು, ಅದರ ಶೌಚಾಲಯ, ಅಲ್ಲಿಂದ ವೇದಿಕೆಗೇರುವ ದಾರಿ. ಆ ನಟ ನಕ್ಷೆಯ ಹಂತದಲ್ಲಿಯೇ ಸಭೆಯಲ್ಲಿದ್ದರೆ ಈ ಮಾತು ಐದು ನಿಮಿಷದಲ್ಲಿ ಹೊರಬರುತ್ತದೆ. ಇಲ್ಲದಿದ್ದರೆ ಕಟ್ಟಡ ಮುಗಿದ ಮೇಲೆ ನಾಲ್ವರು ಅವನನ್ನು ಕುರ್ಚಿ ಸಮೇತ ಎತ್ತಿ ವೇದಿಕೆಗೆ ಒಯ್ಯುತ್ತಾರೆ. ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆ ಕಲೆಗೋ ಕನಿಕರಕ್ಕೋ ಎಂಬುದು ನಟನಿಗೆ ಚೆನ್ನಾಗಿ ಗೊತ್ತಿರುತ್ತದೆ.

ಸಂಗೀತ ಪರೀಕ್ಷೆಯಲ್ಲಿ ಅಂಧ ವಿದ್ಯಾರ್ಥಿಗೆ ಲಿಪಿಕಾರನನ್ನು ಕೊಡುವುದು ಸುಲಭ. ಆ ಲಿಪಿಕಾರನಿಗೆ ಸ್ವರಲಿಪಿ ಬಾರದಿದ್ದರೆ ಗತಿಯೇನು ಎಂಬ ಪ್ರಶ್ನೆ ಅಂಥ ಪರೀಕ್ಷೆ ಬರೆದವನಿಗಷ್ಟೇ ಮೊದಲು ಹೊಳೆಯುತ್ತದೆ. ಕಿವುಡ ನಟನಿಗೆ ತಾಲೀಮಿನ ಅಷ್ಟೂ ದಿನ ಸಂಜ್ಞಾಭಾಷೆಯ ದುಭಾಷಿ ಬೇಕು, ಪ್ರದರ್ಶನದ ದಿನವೊಂದೇ ಸಾಲದು. ಅಂಧ ಗಾಯಕನೊಂದಿಗೆ ಪಯಣಿಸುವ ಸಹಾಯಕನಿಗೂ ಬಸ್ಸಿನ ಚಾರ್ಜು, ಊಟ, ವಸತಿಯ ಖರ್ಚು ಬರುತ್ತದೆ. ಸಂಭಾವನೆಯ ದರಪಟ್ಟಿಯಲ್ಲಿ ಇದಕ್ಕೊಂದು ಕಾಲಂ ಇರದಿದ್ದರೆ ಆ ಹಣ ಕಲಾವಿದನ ಜೇಬಿನಿಂದಲೇ ಹೋಗುತ್ತದೆ. ಸಮಾನ ಸಂಭಾವನೆ ಎಂದು ಕರೆಯುವುದು ಅವನ ಕೈ ಸೇರುವಾಗ ಸಮಾನವಾಗಿ ಉಳಿದಿರುವುದಿಲ್ಲ.

ಆಕ್ಷೇಪಗಳಿಗೂ ಉತ್ತರ ಬೇಕು

ಈ ಬೇಡಿಕೆಗೆ ಎದುರಾಗುವ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ಕಲೆಗೆ ಪ್ರತಿಭೆಯೊಂದೇ ಅಳತೆ, ದೇಹದ ಸ್ಥಿತಿ ಅಲ್ಲ ಎಂಬುದು ಮೊದಲನೆಯದು. ಅನೇಕ ಅಂಗವಿಕಲ ಕಲಾವಿದರ ನಿಲುವೂ ಇದೇ. ಪುಟ್ಟರಾಜರನ್ನು ನಾಡು ಗಾನಯೋಗಿಯೆಂದು ಕರೆಯಿತೇ ಹೊರತು ಅಂಧ ಗಾಯಕರೆಂದಲ್ಲ. ಆದರೆ ಪ್ರಶಸ್ತಿಯ ಪ್ರಶ್ನೆ ಬೇರೆ, ನೀತಿಯ ಪ್ರಶ್ನೆ ಬೇರೆ. ಸಮಿತಿಯಲ್ಲಿ ಸ್ಥಾನ ಕೇಳುವುದು ದೇಹದ ಕೊರತೆಗೆ ಬಹುಮಾನ ಕೇಳಿದಂತಲ್ಲ. ದಾರಿಯಲ್ಲಿ ಮುಳ್ಳು ಎಲ್ಲಿದೆಯೆಂದು ಬಲ್ಲವನ ತಿಳಿವಳಿಕೆಯನ್ನು ಬಳಸಿಕೊಳ್ಳುವ ಕ್ರಮ ಅದು.

ಎಷ್ಟು ಮಂದಿಯನ್ನು ಕರೆಯುವುದು ಎಂಬುದು ಎರಡನೆಯ ಆಕ್ಷೇಪ. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. ಅಂಧ ಗಾಯಕರೊಬ್ಬರು ಕಿವುಡ ಚಿತ್ರಕಾರ್ತಿಯ ಪರವಾಗಿ ಮಾತಾಡಲಾರರು. ಆಯ್ಕೆಯಾದ ಒಬ್ಬರೇ ಎಲ್ಲ ಸಮಿತಿಗಳಲ್ಲಿಯೂ ಶೋಭೆಗಾಗಿ ಕೂರುವ ಅಪಾಯವೂ ಉಂಟು. ಅಂಗವಿಕಲರೇ ನಡೆಸುವ ಸಂಘಟನೆಗಳನ್ನು, ಅಂಗವಿಕಲರಿಗಾಗಿ ಇತರರು ನಡೆಸುವ ಸೇವಾಸಂಸ್ಥೆಗಳಿಂದ ಬೇರೆಯಾಗಿ ನೋಡಿ ಮೊದಲನೆಯವುಗಳಿಗೆ ಆದ್ಯತೆ ನೀಡಬೇಕೆಂದು ವಿಶ್ವಸಂಸ್ಥೆಯ ಅಂಗವಿಕಲ ಹಕ್ಕುಗಳ ಸಮಿತಿ 2018ರಲ್ಲಿ ವ್ಯಾಖ್ಯಾನಿಸಿರುವುದು ಈ ಕಾರಣಕ್ಕೇ. ಖಾಯಂ ಸದಸ್ಯತ್ವದ ಜೊತೆಗೆ ವಿಷಯವಾರು ಸಮಾಲೋಚನೆ ನಡೆಸಿದರೆ ಈ ತೊಡಕನ್ನು ಬಹುಮಟ್ಟಿಗೆ ನೀಗಬಹುದು.

ಮೂರನೆಯದು ಹಣದ ಮಾತು. ಅಭಿವೃದ್ಧಿ ಯೋಜನೆಗಳಲ್ಲಿ ಶೇ. 5ರಷ್ಟು ಮೀಸಲು ನೀಡಬೇಕೆಂದು ಕಾಯ್ದೆಯ 37ನೇ ಸೆಕ್ಷನ್ ಹೇಳುತ್ತದೆ. ಕಲಾತಂಡಗಳಿಗೆ ಸರ್ಕಾರ ನೀಡುವ ಧನಸಹಾಯವೂ ಇದರ ವ್ಯಾಪ್ತಿಗೆ ಬರುತ್ತದೆಯೇ ಎಂಬುದನ್ನು ನೀತಿಯೇ ಸ್ಪಷ್ಟಪಡಿಸಬೇಕು. ಪರಿಶಿಷ್ಟರ ಪಾಲಿನ ಹಣಕ್ಕೆ 2013ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತಂದ ರಾಜ್ಯಕ್ಕೆ ಇದು ಅಸಾಧ್ಯದ ಕೆಲಸವೇನಲ್ಲ.

ಒಂದು ಆದೇಶದಷ್ಟು ದೂರ

ರಾಜ್ಯದ ಸಾಂಸ್ಕೃತಿಕ ನೀತಿಯ ಬಗ್ಗೆ ಬರಗೂರು ರಾಮಚಂದ್ರಪ್ಪ ಅಧ್ಯಕ್ಷತೆಯ ಸಮಿತಿ ವರದಿ ಸಲ್ಲಿಸಿದ್ದು 2014ರಲ್ಲಿ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು ಅದಾದ ಎರಡು ವರ್ಷಗಳ ನಂತರ. ಹೊಸ ಕಾಯ್ದೆಯ ಬೆಳಕಿನಲ್ಲಿ ನೀತಿಯನ್ನು ಮತ್ತೊಮ್ಮೆ ಪರಿಶೀಲಿಸಲು ಇದೊಂದೇ ಕಾರಣ ಸಾಕು.

ಹೊಸ ಶಾಸನಕ್ಕಾಗಿ ಕಾಯಬೇಕಾದ ಅಗತ್ಯವೂ ಇಲ್ಲ. 66ನೇ ಸೆಕ್ಷನ್‌ನ ಪಟ್ಟಿಯ ಕೊನೆಯಲ್ಲಿ, ರಾಜ್ಯ ಸರ್ಕಾರ ಅಗತ್ಯವೆಂದು ಭಾವಿಸುವ ಇತರ ಯಾವುದೇ ಇಲಾಖೆಯನ್ನೂ ಸೇರಿಸಲು ಅವಕಾಶವಿದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಮಂಡಳಿಯಲ್ಲಿ ಖಾಯಂ ಸ್ಥಾನ ನೀಡಲು ಒಂದು ಸರ್ಕಾರಿ ಆದೇಶ ಸಾಕು. ಸಂಗೀತ ನೃತ್ಯ, ನಾಟಕ, ಲಲಿತಕಲಾ, ಜಾನಪದ, ಯಕ್ಷಗಾನ ಅಕಾಡೆಮಿಗಳ ಅಧ್ಯಕ್ಷರನ್ನು, ಸದಸ್ಯರನ್ನು ಸರ್ಕಾರವೇ ನಾಮಕರಣ ಮಾಡುತ್ತದೆ. 2024ರ ಮಾರ್ಚ್‌ನಲ್ಲಿ ಇಂಥ ನೇಮಕಗಳು ನಡೆದವು. ಪ್ರತಿ ಸುತ್ತಿನಲ್ಲಿಯೂ ಪ್ರದೇಶ, ಸಮುದಾಯ, ಮಹಿಳಾ ಪ್ರಾತಿನಿಧ್ಯದ ಚರ್ಚೆಯಾಗುವುದು ವಾಡಿಕೆ, ಅದು ನ್ಯಾಯವೂ ಹೌದು. ಆ ಲೆಕ್ಕಕ್ಕೆ ಅಂಗವಿಕಲ ಕಲಾವಿದರೂ ಸೇರಬೇಕು. ನೆರೆಯ ತಮಿಳುನಾಡು ಸ್ಥಳೀಯ ಸಂಸ್ಥೆಗಳಿಗೆ ಅಂಗವಿಕಲರನ್ನು ನಾಮಕರಣ ಮಾಡುವ ಮಸೂದೆಗಳನ್ನು 2025ರಲ್ಲಿ ಅಂಗೀಕರಿಸಿತು. ಪಂಚಾಯಿತಿಯಲ್ಲಿ ಸಾಧ್ಯವಾದದ್ದು ಅಕಾಡೆಮಿಯಲ್ಲಿ ಏಕಾಗದು?

ಇದರೊಂದಿಗೆ ಸಣ್ಣದೆನಿಸುವ ಇನ್ನೊಂದು ಕೆಲಸವೂ ಇದೆ. ಸ್ಕ್ಯಾನ್ ಮಾಡಿ ಚಿತ್ರರೂಪದಲ್ಲಿ ಪ್ರಕಟಿಸಿದ ಸುತ್ತೋಲೆಯನ್ನು ಅಂಧರು ಬಳಸುವ ತಂತ್ರಾಂಶ ನೇರವಾಗಿ ಓದಲಾರದು. ಕರಡು ನೀತಿಯನ್ನು ಯೂನಿಕೋಡ್ ಕನ್ನಡದಲ್ಲಿ ನೀಡಿ, ಅದರ ಸಾರಾಂಶವನ್ನು ಸಂಜ್ಞಾಭಾಷೆಯ ವೀಡಿಯೊದಲ್ಲಿಯೂ ಹೇಳದಿದ್ದರೆ, ಸಾರ್ವಜನಿಕರ ಅಭಿಪ್ರಾಯ ಕೇಳಿದ್ದೇವೆಂಬ ಮಾತಿಗೆ ಅರ್ಥವಿರದು. ಸಭೆಗೆ ಬರುವವರ ದುಭಾಷಿ ಮತ್ತು ಸಹಾಯಕರ ವೆಚ್ಚವನ್ನು ಇಲಾಖೆಯೇ ಭರಿಸಬೇಕು. ಕರೆದೂ ಬರಲಾಗದಂತೆ ಮಾಡುವುದು ಕರೆಯದಿರುವುದಕ್ಕಿಂತ ಬೇರೆಯಲ್ಲ.

ಮಾಸಾಶನ ಹೆಚ್ಚಿಸುವ ಭರವಸೆ ಪ್ರತಿ ಬಜೆಟ್ ಹೊತ್ತಿಗೆ ಕೇಳಿಬರುತ್ತದೆ. ಅದೂ ಬೇಕು. ಆದರೆ ವೃದ್ಧಾಪ್ಯದಲ್ಲಿ ಕೈಹಿಡಿಯುವ ನೆರವು, ಯೌವನದಲ್ಲಿ ವೇದಿಕೆಯೇರಲು ಅಡ್ಡವಾದ ಮೂರು ಮೆಟ್ಟಿಲನ್ನು ತೆಗೆದುಹಾಕುವುದಿಲ್ಲ. ಆ ಮೆಟ್ಟಿಲು ಎಲ್ಲಿದೆಯೆಂದು ತೋರಿಸಬಲ್ಲವರು ನಾಡಿನ ಎಲ್ಲ ಜಿಲ್ಲೆಗಳಲ್ಲಿಯೂ ಇದ್ದಾರೆ. ಅಕಾಡೆಮಿಗಳ ಮುಂದಿನ ನಾಮಕರಣದ ಪಟ್ಟಿ ಹೊರಬಿದ್ದಾಗ ಸರ್ಕಾರ ಅವರನ್ನು ಕೇಳಿತೋ ಇಲ್ಲವೋ ಎಂಬುದು ತಿಳಿಯಲಿದೆ.