ದಶಪಥದಿಂದ ಹತ್ತಿರವಾದ ಊರು, ದೂರವಾದ ಪ್ರವಾಸಿ

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯನ್ನು ಪ್ರಧಾನಿ ನರೇಂದ್ರ ಮೋದಿ 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲಿ ಲೋಕಾರ್ಪಣೆ ಮಾಡಿದರು. ಮೂರು ಗಂಟೆಯ ಪ್ರಯಾಣ ಒಂದೂವರೆ ಗಂಟೆಗೆ ಇಳಿಯಿತು. ಆದರೆ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಮೂರನ್ನೂ ಬಳಸಿ ಸಾಗುವ ಈ ರಸ್ತೆಯಲ್ಲಿ ವಾಹನಗಳು ಊರ ಮುಖವನ್ನೂ ನೋಡದೆ ಓಡುತ್ತಿವೆ. ರಾಜಧಾನಿಗೆ ಜಿಲ್ಲೆ ಹತ್ತಿರವಾಯಿತು. ಜಿಲ್ಲೆಗೆ ಪ್ರವಾಸಿ ದೂರವಾದನೇ?

ಇದರ ಪೆಟ್ಟು ಮೊದಲು ಬಿದ್ದದ್ದು ಹಳೆಯ ಹೆದ್ದಾರಿಯ ಹೋಟೆಲು, ಎಳನೀರು, ಕಬ್ಬಿನ ಹಾಲಿನ ವ್ಯಾಪಾರಿಗಳಿಗೆ. ಮದ್ದೂರು ವಡೆ ಹೆಸರಾದದ್ದೇ ಆ ನಿಲ್ದಾಣದಲ್ಲಿ ರೈಲು ನಿಲ್ಲುತ್ತಿದ್ದುದರಿಂದ. ನಿಲ್ಲುವವರಿಲ್ಲದಿದ್ದರೆ ವಡೆಯೂ ಇಲ್ಲ, ಚರಿತ್ರೆಯೂ ಇಲ್ಲ. 1938ರ ಏಪ್ರಿಲ್‌ನಲ್ಲಿ ನಿಷೇಧಾಜ್ಞೆಯನ್ನು ಲೆಕ್ಕಿಸದೆ ರಾಷ್ಟ್ರಧ್ವಜ ಹಾರಿಸಿದ ಶಿವಪುರದ ಸತ್ಯಾಗ್ರಹ ಸೌಧ ಇದೇ ಮದ್ದೂರಿನಲ್ಲಿದೆ. ಅದನ್ನು ಬಲ್ಲ ಪ್ರಯಾಣಿಕರೆಷ್ಟು?

ವಿಷಯ ಇನ್ನಷ್ಟು ಗಂಭೀರವಾಗುವುದು ಶ್ರೀರಂಗಪಟ್ಟಣದಲ್ಲಿ. 1610ರಿಂದ 1799ರವರೆಗೆ ಮೈಸೂರು ಸಂಸ್ಥಾನದ ರಾಜಧಾನಿಯಾಗಿದ್ದ ಈ ದ್ವೀಪನಗರಿಯಲ್ಲಿ ರಂಗನಾಥಸ್ವಾಮಿ ದೇವಾಲಯ, ಕೋಟೆ, ಜುಮ್ಮಾ ಮಸೀದಿ, ದರಿಯಾ ದೌಲತ್, ಗುಂಬಜ್ ಎಲ್ಲವೂ ಕೆಲವೇ ಕಿಲೋಮೀಟರ್‌ಗಳ ಒಳಗಿವೆ. ಹಾಗಿದ್ದೂ ಬಹುತೇಕರಿಗೆ ಇದು ಮೈಸೂರಿನ ದಾರಿಯಲ್ಲಿ ಒಂದೆರಡು ಗಂಟೆ ಇಳಿದು ಹೋಗುವ ತಾಣ. ವೇಗದ ಮುಂದೆ ಚರಿತ್ರೆ ಸರಿದು ನಿಂತ ಉದಾಹರಣೆಯೂ ಇಲ್ಲಿದೆ: ರೈಲು ಜೋಡಿಮಾರ್ಗಕ್ಕಾಗಿ 2017ರಲ್ಲಿ ಟಿಪ್ಪು ಕಾಲದ ಮದ್ದಿನಮನೆಯನ್ನೇ ನೂರು ಮೀಟರ್‌ಗೂ ಹೆಚ್ಚು ದೂರಕ್ಕೆ ಸ್ಥಳಾಂತರಿಸಲಾಯಿತು.

ಸ್ಪೇನ್ ದೇಶದ ಟೊಲೆಡೊ ನಗರದೊಂದಿಗೆ ಹೋಲಿಕೆ ಸಹಜ. ಮೂರು ಕಡೆ ತಾಹೊ ನದಿ ಸುತ್ತುವರಿದ ಆ ಹಳೆಯ ನಗರ, 1561ರಲ್ಲಿ ಅರಸನ ಆಸ್ಥಾನ ಮ್ಯಾಡ್ರಿಡ್‌ಗೆ ಹೋದ ಮೇಲೆ ಹಿನ್ನೆಲೆಗೆ ಸರಿಯಿತು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. 2005ರಲ್ಲಿ ವೇಗದ ರೈಲು ಬಂದು ಮ್ಯಾಡ್ರಿಡ್ ಸುಮಾರು ಅರ್ಧ ಗಂಟೆಯ ದಾರಿಯಾಯಿತು. ಬೆಳಿಗ್ಗೆ ಬಂದು ಸಂಜೆ ಮರಳುವ ಪ್ರವಾಸಿಗರ ಸಮಸ್ಯೆ ಅಲ್ಲಿಯೂ ಇದೆ. ಆದರೆ ಅಲ್ಲಿ ಬಂದವರು ಇಕ್ಕಟ್ಟಾದ ಬೀದಿಗಳಲ್ಲಿ ನಡೆದೇ ಊರನ್ನು ನೋಡುತ್ತಾರೆ. ನಡೆಯುವವರು ನಿಲ್ಲುತ್ತಾರೆ, ಉಣ್ಣುತ್ತಾರೆ, ಕೊಳ್ಳುತ್ತಾರೆ. ನಮ್ಮಲ್ಲಿ ಸ್ಮಾರಕದಿಂದ ಸ್ಮಾರಕಕ್ಕೆ ವಾಹನವೇ ಓಡುತ್ತದೆ. ಶ್ರೀರಂಗಪಟ್ಟಣದ ಸ್ಮಾರಕಗಳು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದ್ದು 2014ರಲ್ಲಿ. ಅನತಿದೂರದ ಸೋಮನಾಥಪುರ ಬೇಲೂರು, ಹಳೇಬೀಡುಗಳೊಂದಿಗೆ 2023ರಲ್ಲಿ ಅಂತಿಮ ಮಾನ್ಯತೆಯನ್ನೇ ಪಡೆಯಿತು.

ಹಾಗೆಂದು ಬೈಪಾಸನ್ನು ಶಪಿಸಿ ಫಲವಿಲ್ಲ. ಲಾರಿ, ಬಸ್ಸುಗಳ ದಟ್ಟಣೆ ಇಳಿದದ್ದು ಕೋಟೆಯ ಊರಿಗೆ ಒದಗಿದ ಅವಕಾಶವೂ ಹೌದು. ಕೋಟೆಗೋಡೆಯ ಗುಂಟ ಕಾಲುದಾರಿ, ತರಬೇತಿ ಪಡೆದ ಸ್ಥಳೀಯ ಮಾರ್ಗದರ್ಶಿಗಳು, ಸಾಮಾನ್ಯರ ಕೈಗೆಟುಕುವ ವಸತಿ, ಹೆದ್ದಾರಿಯ ನಿರ್ಗಮನಗಳಲ್ಲಿ ಊರಿನ ವಿಶೇಷ ಸಾರುವ ಫಲಕ – ಇವು ಸಾವಿರಾರು ಕೋಟಿ ಬೇಡುವ ಕೆಲಸಗಳಲ್ಲ.

ಹೆದ್ದಾರಿಯಿಂದ ದೂರವಿರುವ ಮಳವಳ್ಳಿಯನ್ನೂ ಇದರೊಂದಿಗೆ ಜೋಡಿಸಬೇಕು. 1799ರ ಮಾರ್ಚ್ 27ರಂದು ಟಿಪ್ಪುವಿನ ಸೇನೆ ಬ್ರಿಟಿಷರನ್ನು ಎದುರಿಸಿದ್ದು ಮಳವಳ್ಳಿಯ ಬಳಿ. ಶ್ರೀರಂಗಪಟ್ಟಣದ ಪತನ ಮೇ 4ರಂದು. ಇದೇ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಮದ್ದೂರಿನಲ್ಲಿ ಹೆದ್ದಾರಿ ಬಿಟ್ಟು ಕೊಕ್ಕರೆಬೆಳ್ಳೂರು, ಮಳವಳ್ಳಿ, ಶಿವನಸಮುದ್ರ, ತಲಕಾಡು, ಸೋಮನಾಥಪುರಗಳನ್ನು ನೋಡುತ್ತ ಶ್ರೀರಂಗಪಟ್ಟಣ ಸೇರುವ ಪ್ರವಾಸಿ ಒಂದು ರಾತ್ರಿಯಾದರೂ ಉಳಿಯಲೇಬೇಕು. ಆ ಒಂದು ರಾತ್ರಿಯಲ್ಲಿಯೇ ಊಟದ ಮನೆ, ಆಟೊ ಚಾಲಕ, ಅಂಗಡಿಯವನ ಬದುಕು ಅಡಗಿದೆ.

ರಸ್ತೆ ಉಳಿಸಿಕೊಟ್ಟ ಒಂದೂವರೆ ಗಂಟೆಯನ್ನು ಪ್ರಯಾಣಿಕ ಎಲ್ಲಿ ಕಳೆಯಬೇಕೆಂದು ಯಾರೂ ಯೋಚಿಸಿದಂತಿಲ್ಲ. ಯೋಚಿಸಬೇಕಾದವರು ಜಿಲ್ಲಾಡಳಿತ ಮತ್ತು ಪ್ರವಾಸೋದ್ಯಮ ಇಲಾಖೆ. ಇಲ್ಲವಾದರೆ ಮಂಡ್ಯ ಜಿಲ್ಲೆ ಕಿಟಕಿಯಲ್ಲಿ ಸರಿದು ಹೋಗುವ ಕಬ್ಬಿನ ಗದ್ದೆಯಾಗಿಯಷ್ಟೇ ಉಳಿದೀತು.