ಆಟವಿಲ್ಲದ ತಿಂಗಳುಗಳು

ಕೆನಡಾದಲ್ಲಿ ಹಾಕಿ ಎಂದರೆ ಹುಲ್ಲುಹಾಸಿನ ಆಟವಲ್ಲ, ಮಂಜುಗಡ್ಡೆಯ ಮೇಲಿನ ಆಟ. ಅಮೆರಿಕ ಮತ್ತು ಕೆನಡಾದ 32 ತಂಡಗಳಿರುವ ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಪ್ರತಿ ತಂಡವೂ ಚಳಿಗಾಲ ಪೂರ್ತಿ ಎಂಬತ್ತಕ್ಕೂ ಹೆಚ್ಚು ಪಂದ್ಯಗಳನ್ನು ಆಡುತ್ತದೆ. ಏಪ್ರಿಲ್ ಮಧ್ಯದಿಂದ ಎರಡು ತಿಂಗಳು ಪ್ರಶಸ್ತಿಗಾಗಿ ಹಣಾಹಣಿ. ಜೂನ್‌ನಲ್ಲಿ ಒಂದು ತಂಡದ ನಾಯಕ ಸ್ಟ್ಯಾನ್ಲಿ ಕಪ್ ಅನ್ನು ತಲೆಯ ಮೇಲೆತ್ತಿ ಹಿಡಿಯುತ್ತಾನೆ. ಅಲ್ಲಿಗೆ ಆಟ ಮುಗಿಯಿತು. ಜೂನ್ ಕೊನೆಯಲ್ಲಿ ಎಳೆಯ ಆಟಗಾರರ ಆಯ್ಕೆ, ಜುಲೈ 1ರಂದು ಒಪ್ಪಂದ ಮುಗಿದವರ ಮಾರುಕಟ್ಟೆ ತೆರೆಯುವ ದಿನ, ಅಷ್ಟರ ಸದ್ದು ಬಿಟ್ಟರೆ ಬೇಸಿಗೆಯ ಉಳಿದ ದಿನಗಳೆಲ್ಲ ನಿಶ್ಶಬ್ದ. ಈ ಖಾಲಿ ಅವಧಿಯನ್ನು ಅಲ್ಲಿನವರು ‘ಆಫ್‌ಸೀಸನ್’ ಎನ್ನುತ್ತಾರೆ. ವರ್ಷವಿಡೀ ಕ್ರಿಕೆಟ್ ನೋಡುವ ನಮಗೆ ಆ ಪದದ ಅರ್ಥ ಹೇಳಿಕೊಡಬೇಕಾದ ಸ್ಥಿತಿ ಬಂದಿದೆ.

ಕೆನಡಾದವರು ಈ ಋತುವಿಭಜನೆಯನ್ನು ಕಾನೂನಿನಲ್ಲೇ ಬರೆದಿಟ್ಟುಕೊಂಡಿದ್ದಾರೆ. 1994ರಲ್ಲಿ ಅಲ್ಲಿನ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಕ್ರೀಡೆಗಳ ಕಾಯ್ದೆಯ ಪ್ರಕಾರ ಐಸ್ ಹಾಕಿ ದೇಶದ ಚಳಿಗಾಲದ ಕ್ರೀಡೆ. ಮೂಲನಿವಾಸಿಗಳಿಂದ ಬಂದ ಲಕ್ರಾಸ್ ಬೇಸಿಗೆಯ ಕ್ರೀಡೆ. ಎರಡರ ಅಭಿಮಾನಿಗಳೂ ಪಟ್ಟು ಹಿಡಿದಾಗ ಕಂಡುಕೊಂಡ ರಾಜಿಸೂತ್ರ ಇದು. ಆದರೂ ಒಂದು ಆಟಕ್ಕೆ ವರ್ಷದ ಎಲ್ಲ ತಿಂಗಳುಗಳನ್ನೂ ಬರೆದುಕೊಡಬೇಕಾಗಿಲ್ಲ ಎಂಬ ತಿಳಿವಳಿಕೆಯೊಂದು ಈ ರಾಜಿಯೊಳಗೆ ತಾನಾಗಿ ಸೇರಿಕೊಂಡಿದೆ.

ಟೊರಾಂಟೊ ಬಳಿಯ ಮಿಸಿಸಾಗದಲ್ಲಿ ನೆಲೆಸಿರುವ ನನ್ನ ತಂಗಿಯ ಮಗನಿಗೆ ಈಗ ಹದಿನಾರು. ಟೊರಾಂಟೊ ಮೇಪಲ್ ಲೀಫ್ಸ್ ತಂಡದ ಕಡು ಅಭಿಮಾನಿ. ಆ ತಂಡ ಸ್ಟ್ಯಾನ್ಲಿ ಕಪ್ ಗೆದ್ದದ್ದು 1967ರಲ್ಲಿ. 2025ರವರೆಗೂ ಮತ್ತೊಮ್ಮೆ ಗೆಲ್ಲಲಿಲ್ಲ. ಹೀಗಾಗಿ ಅಭಿಮಾನದ ಜೊತೆಗೆ ತಾಳ್ಮೆಯೂ ಅವನಿಗೆ ಬಳುವಳಿಯಾಗಿ ಬಂದಿದೆ. ಒಮ್ಮೆ ತಂಡ ಹೊರಬಿದ್ದ ಮರುದಿನ ದೂರವಾಣಿಯಲ್ಲಿ, ‘ಮಾವ, ಇನ್ನು ಅಕ್ಟೋಬರ್ ತನಕ ನಾನೇನ್ ಮಾಡ್ಲಿ?’ ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವನ್ನು ಅವನೇ ಕಂಡುಕೊಂಡ. ಮನೆಯೆದುರಿನ ರಸ್ತೆಯಲ್ಲಿ ಟೆನಿಸ್ ಚೆಂಡಿನಿಂದ ಹಾಕಿ ಆಡಿದ, ಹಳೆಯದೊಂದು ಗಿಟಾರ್ ಸಂಪಾದಿಸಿ ಬೆರಳು ನೋಯಿಸಿಕೊಂಡ, ಪಕ್ಕದ ಮನೆಯ ಹಿರಿಯರ ಗ್ಯಾರೇಜಿನ ರೇಡಿಯೊದಲ್ಲಿ ಒಂದು ಹಾಡು ಕೇಳಿ ಅದರ ಬೆನ್ನು ಹತ್ತಿದ.

ಆ ಹಾಡು ‘ದಿ ಟ್ರ್ಯಾಜಿಕಲಿ ಹಿಪ್’ ಎಂಬ ಕೆನಡಾದ ರಾಕ್ ತಂಡ 1992ರಲ್ಲಿ ಹೊರತಂದ ‘ಫಿಫ್ಟಿ ಮಿಷನ್ ಕ್ಯಾಪ್’. ಅದರ ವಸ್ತು ಬಿಲ್ ಬರಿಲ್ಕೊ ಎಂಬ ಆಟಗಾರನ ಕಥೆ. 1951ರ ಏಪ್ರಿಲ್ 21ರಂದು, ಮಾಂಟ್ರಿಯಲ್ ವಿರುದ್ಧದ ಐದನೆಯ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ ಗೋಲು ಹೊಡೆದು ಲೀಫ್ಸ್‌ಗೆ ಕಪ್ ಗೆದ್ದುಕೊಟ್ಟವನು ಆತ. ಆ ಸರಣಿಯ ಐದೂ ಪಂದ್ಯಗಳು ಹೆಚ್ಚುವರಿ ಅವಧಿಗೆ ಹೋಗಿದ್ದವು. ಬರಿಲ್ಕೊಗೆ ಆಗ 24 ವರ್ಷ. ಐದು ಋತುಗಳಲ್ಲಿ ನಾಲ್ಕನೆಯ ಕಪ್. ಆಟ ಮುಗಿಯಿತು, ಬೇಸಿಗೆ ಬಂತು. ಆಗಸ್ಟ್‌ನಲ್ಲಿ ಆತ ದಂತವೈದ್ಯ ಮಿತ್ರನೊಬ್ಬನ ಪುಟ್ಟ ವಿಮಾನದಲ್ಲಿ ಉತ್ತರದ ಕಡೆಗೆ ಮೀನು ಹಿಡಿಯಲು ಹೋದ, ಇಬ್ಬರೂ ಹಿಂದಿರುಗಲಿಲ್ಲ. ದೊಡ್ಡ ಪ್ರಮಾಣದ ಶೋಧ ನಡೆದರೂ ಕಾಡು ಸುಳಿವು ಬಿಟ್ಟುಕೊಡಲಿಲ್ಲ. ಲೀಫ್ಸ್ ತಂಡ ಮುಂದಿನ ಕಪ್ ಗೆದ್ದದ್ದು 1962ರ ಏಪ್ರಿಲ್‌ನಲ್ಲಿ. ಅದೇ ವರ್ಷ ಜೂನ್‌ನಲ್ಲಿ ಒಂಟಾರಿಯೊದ ಉತ್ತರದ ಕಾಡಿನಲ್ಲಿ ವಿಮಾನದ ಅವಶೇಷ ಮತ್ತು ಇಬ್ಬರ ಅಸ್ಥಿ ಪತ್ತೆಯಾದವು. ಕಾದಂಬರಿಯಲ್ಲಿ ಬರೆದರೆ ಅತಿಯಾಯಿತು ಎನ್ನಬಹುದಾದ ಈ ಕಾಕತಾಳೀಯವನ್ನು, ಹಾಡು ಬರೆದ ಗಾರ್ಡ್ ಡೌನಿ ಕಂಡುಕೊಂಡದ್ದು ಆಟಗಾರರ ಚಿತ್ರವಿರುವ ಕಾರ್ಡೊಂದರ ಹಿಂಬದಿಯ ಟಿಪ್ಪಣಿಯಲ್ಲಿ.

ನನ್ನ ಸೋದರಳಿಯ ಅಲ್ಲಿಂದ ಮುಂದೆ ಗ್ರಂಥಾಲಯಕ್ಕೆ ಹೋದ. 1951ರ ತಂಡದಲ್ಲಿ ಯಾರಿದ್ದರು, ಟಿಮಿನ್ಸ್ ಎಂಬ ಬರಿಲ್ಕೊನ ಗಣಿಯೂರು ಎಲ್ಲಿದೆ ಎಂದೆಲ್ಲ ಹುಡುಕಿದ. ವಾರಕ್ಕೆ ಮೂರು ಪಂದ್ಯಗಳಿರುವ ಜನವರಿಯಲ್ಲಿ ಅವನು ಇದನ್ನು ಮಾಡುತ್ತಿರಲಿಲ್ಲ. ಋತುವಿನ ಮಧ್ಯದಲ್ಲಿ ಅಭಿಮಾನಿಗೆ ನಿನ್ನೆಯ ಅಂಕಪಟ್ಟಿಯೂ ನಾಳೆಯ ಎದುರಾಳಿಯೂ ಮಾತ್ರ ಕಾಣುತ್ತವೆ. ಆಟ ನಿಂತಾಗ ಅದರ ಹಿಂದಿನ ಕಥೆಗೆ, ಹಾಡಿಗೆ, ಊರಿಗೆ ಬಿಡುವು ಸಿಗುತ್ತದೆ. ನಮ್ಮಲ್ಲಿ ಮಳೆ ಹಿಡಿದ ಮೇಲೆ ಯಕ್ಷಗಾನದ ಬಯಲಾಟ ಮೇಳಗಳು ತಿರುಗಾಟ ನಿಲ್ಲಿಸುತ್ತಿದ್ದಾಗ, ಆ ತಿಂಗಳುಗಳಲ್ಲೇ ಪ್ರೇಕ್ಷಕರು ಜಗಲಿಯ ಮೇಲೆ ಕುಳಿತು ಕಲಾವಿದರ ಗುಣದೋಷ ಚರ್ಚಿಸುತ್ತಿದ್ದುದನ್ನು ಕರಾವಳಿಯ ಹಿರಿಯರು ನೆನಪಿಸಿಕೊಳ್ಳಬಹುದು.

ಟ್ರ್ಯಾಜಿಕಲಿ ಹಿಪ್ ತಂಡದ ಕಡೆಯ ಕಛೇರಿಯೂ ಒಂದು ಬೇಸಿಗೆಯ ಪ್ರಸಂಗವೇ. ಡೌನಿಗೆ ಗುಣವಾಗದ ಮೆದುಳಿನ ಕ್ಯಾನ್ಸರ್ ಎಂದು 2016ರ ಮೇ ತಿಂಗಳಿನಲ್ಲಿ ಪ್ರಕಟವಾಯಿತು. ಆದರೂ ತಂಡ ದೇಶ ಸುತ್ತಿ, ಆಗಸ್ಟ್ 20ರ ಶನಿವಾರ ತನ್ನ ಹುಟ್ಟೂರು ಕಿಂಗ್‌ಸ್ಟನ್‌ನಲ್ಲಿ ಹಾಡಿತು. ರಿಯೊ ಒಲಿಂಪಿಕ್ಸ್ ಇನ್ನೂ ನಡೆಯುತ್ತಿದ್ದರೂ ಸಾರ್ವಜನಿಕ ಪ್ರಸಾರ ಸಂಸ್ಥೆ ಸಿಬಿಸಿ ಅದರ ಪ್ರಸಾರವನ್ನು ಬದಿಗಿಟ್ಟು ಈ ಕಛೇರಿಯನ್ನು ಜಾಹೀರಾತಿಲ್ಲದೆ ಬಿತ್ತರಿಸಿತು. ಸುಮಾರು 1.17 ಕೋಟಿ ಜನ, ಎಂದರೆ ದೇಶದ ಮೂರರಲ್ಲೊಂದು ಪಾಲು, ನೋಡಿದರೆಂದು ಲೆಕ್ಕ. ಸಭಿಕರ ನಡುವೆ ಪ್ರಧಾನಿಯೂ ಇದ್ದರು. ವೇದಿಕೆಯಿಂದಲೇ ಡೌನಿ ಅವರನ್ನು ಉದ್ದೇಶಿಸಿ, ಉತ್ತರದ ಮೂಲನಿವಾಸಿಗಳ ಕಡೆಗಣಿಸಲ್ಪಟ್ಟ ಬದುಕಿನ ಬಗ್ಗೆ ಮಾತನಾಡಿದರು. ಮರುವರ್ಷ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಈ ಡೌನಿಯ ಧರ್ಮಪಿತ ಹ್ಯಾರಿ ಸಿಂಡನ್ 1972ರಲ್ಲಿ ಸೋವಿಯತ್ ಒಕ್ಕೂಟವನ್ನು ಸೋಲಿಸಿದ ಕೆನಡಾ ಹಾಕಿ ತಂಡದ ತರಬೇತುದಾರರು. ಹಾಡೂ ಆಟವೂ ಆ ನಾಡಿನಲ್ಲಿ ಎಷ್ಟು ಹತ್ತಿರದ ನೆಂಟರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಬೇಕೆಂದರೆ 2008ರ ಬೇಸಿಗೆ ಇದೆ. ಸಿಬಿಸಿಯ ಶನಿವಾರದ ಹಾಕಿ ಪ್ರಸಾರಕ್ಕೆ 1968ರಲ್ಲಿ ಡೊಲೋರೆಸ್ ಕ್ಲೇಮನ್ ಎಂಬ ಮಹಿಳೆ ಒಂದು ಶೀರ್ಷಿಕೆ ಸಂಗೀತ ರಚಿಸಿದ್ದರು. ಜನ ಅದನ್ನು ಎರಡನೆಯ ರಾಷ್ಟ್ರಗೀತೆ ಎಂದೇ ಕರೆಯುತ್ತಿದ್ದರು. 2008ರ ಜೂನ್‌ನಲ್ಲಿ ಹಕ್ಕುಸ್ವಾಮ್ಯದ ಮಾತುಕತೆ ಮುರಿದುಬಿದ್ದು, ಪ್ರತಿಸ್ಪರ್ಧಿ ಸಿಟಿವಿ ಆ ಸಂಗೀತವನ್ನು ಕೊಂಡುಕೊಂಡಿತು. ಆಡಲು ಪಂದ್ಯವಿಲ್ಲದ ಆ ತಿಂಗಳುಗಳಲ್ಲಿ ದೇಶ ಒಂದು ನಿಮಿಷದ ವಾದ್ಯಸಂಗೀತಕ್ಕಾಗಿ ಜಗಳವಾಡಿತು. ಸಿಬಿಸಿ ಹೊಸ ಸಂಗೀತಕ್ಕೆ ಸ್ಪರ್ಧೆ ಏರ್ಪಡಿಸಿದರೆ ಹದಿನಾಲ್ಕು ಸಾವಿರಕ್ಕೂ ಹೆಚ್ಚು ರಚನೆಗಳು ಬಂದವು. ಗೆದ್ದವರು ಆಲ್ಬರ್ಟಾ ಪ್ರಾಂತ್ಯದ ಶಾಲಾಶಿಕ್ಷಕ ಕಾಲಿನ್ ಓಬರ್ಸ್ಟ್. ಬಹುಮಾನ ಒಂದು ಲಕ್ಷ ಡಾಲರ್. ಹಳೆಯದನ್ನು ಕೇಳಿ ಬೆಳೆದವರಿಗೆ ಹೊಸದು ರುಚಿಸಲಿಲ್ಲ ಎಂಬುದು ಬೇರೆ ಮಾತು. ಆದರೆ ಅಷ್ಟು ಸಾವಿರ ಜನ ವಾದ್ಯ ಹಿಡಿದು ಕುಳಿತದ್ದು ಆಟವಿಲ್ಲದ ಬೇಸಿಗೆಯಲ್ಲಿ.

ಈ ಖಾಲಿ ಬೇಸಿಗೆ ಈಗ ಅಲ್ಲಿಯೂ ಕರಗುತ್ತಿದೆ ಎಂಬುದೇ ಚಿಂತೆಯ ಸಂಗತಿ. ಒಳಾಂಗಣದ ಕೃತಕ ಮಂಜು ವರ್ಷವಿಡೀ ಲಭ್ಯವಾದ ಮೇಲೆ ಬೇಸಿಗೆ ಶಿಬಿರಗಳು, ಆಯ್ದ ಮಕ್ಕಳ ಬೇಸಿಗೆ ತಂಡಗಳು, ಖಾಸಗಿ ತರಬೇತಿ ಎಲ್ಲ ದೊಡ್ಡ ವ್ಯಾಪಾರವಾಗಿವೆ. ಪಕ್ಕದ ಮನೆಯ ಹುಡುಗ ಹೋಗುತ್ತಾನೆ, ನಮ್ಮವನು ಹಿಂದುಳಿದರೆ ಗತಿಯೇನು ಎಂಬ ಅಂಜಿಕೆ ಬಂಡವಾಳವಾದ ಕಡೆ ಯಾವ ವ್ಯಾಪಾರವೂ ಸೋಲುವುದಿಲ್ಲ. ವಿಪರ್ಯಾಸವೆಂದರೆ ಈ ಆಟದ ಚಕ್ರವರ್ತಿ ವೇಯ್ನ್ ಗ್ರೆಟ್ಸ್‌ಕಿ ಬಾಲ್ಯದಲ್ಲಿ ಬೇಸಿಗೆ ಬಂದೊಡನೆ ಸ್ಕೇಟುಗಳನ್ನು ಎತ್ತಿಟ್ಟು ಬೇಸ್‌ಬಾಲ್, ಲಕ್ರಾಸ್ ಆಡಿದವರು. ಮಕ್ಕಳಿಗೆ ವರ್ಷವಿಡೀ ಹಾಕಿ ಬೇಡವೆಂದು ಹಲವು ಬಾರಿ ಹೇಳಿದವರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಪ್ರಕಟಿಸಿದ ವರದಿಯ ಸಲಹೆಯೂ ಇದೇ: ಎಳೆಯ ಕ್ರೀಡಾಪಟುವಿಗೆ ತನ್ನ ಮುಖ್ಯ ಆಟದಿಂದ ವರ್ಷಕ್ಕೆ ಒಟ್ಟು ಮೂರು ತಿಂಗಳಾದರೂ, ಒಂದೊಂದು ತಿಂಗಳ ಕಂತುಗಳಲ್ಲಾದರೂ, ಬಿಡುವು ಸಿಗಬೇಕು, ಒಂದೇ ಆಟಕ್ಕೆ ಕಟ್ಟುಬೀಳುವುದನ್ನು ಹದಿನೈದು ಹದಿನಾರರವರೆಗೆ ಮುಂದೂಡುವುದು ಲೇಸು. ಅತಿಬಳಕೆಯ ಗಾಯ, ಮಾನಸಿಕ ದಣಿವು ಎರಡನ್ನೂ ಗಮನದಲ್ಲಿಟ್ಟು ಹೇಳಿದ ಮಾತಿದು.

ನಮ್ಮ ಮಕ್ಕಳ ಬೇಸಿಗೆಯನ್ನೂ ನೋಡಬೇಕು. ಏಪ್ರಿಲ್, ಮೇ ಎಂದರೆ ಒಂದು ಕಾಲದಲ್ಲಿ ಅಜ್ಜಿಯ ಊರು, ಮಾವಿನ ತೋಪು, ಮಧ್ಯಾಹ್ನದ ಚೌಕಾಬಾರ. 2008ರ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬ್ರೆಂಡನ್ ಮೆಕಲಮ್ ಔಟಾಗದೆ 158 ರನ್ ಬಾರಿಸಿದ ರಾತ್ರಿಯಿಂದ ಆ ಎರಡು ತಿಂಗಳ ಸಂಜೆಗಳು ಐಪಿಎಲ್‌ಗೆ ಸಂದಿವೆ. ಹಗಲು ಬೇಸಿಗೆ ಶಿಬಿರ, ಸಂಜೆ ಪ್ರಸಾರ. ಅದು ಮುಗಿದರೆ ಇಂಗ್ಲೆಂಡ್ ಪ್ರವಾಸ, ಆಮೇಲೆ ಮತ್ತೊಂದು ಸರಣಿ. ಅಭಿಮಾನಿಗೆ ಹಸಿವಾಗುವ ಮೊದಲೇ ಮುಂದಿನ ಎಲೆ ಹಾಕಿರುತ್ತಾರೆ. ಹಸಿವಿಲ್ಲದವನ ಊಟದಲ್ಲಿ ರುಚಿ ಹುಡುಕುವಂತೆ, ಹೋದ ವರ್ಷದ ಸರಣಿಯಲ್ಲಿ ಯಾರು ಗೆದ್ದರೆಂಬುದನ್ನು ಕ್ರಿಕೆಟ್ ಪ್ರಿಯರೂ ಈಗ ತಡವರಿಸಿ ಹೇಳುತ್ತಾರೆ. ಹೆಚ್ಚು ನೋಡಿದಷ್ಟೂ ಕಡಿಮೆ ನೆನಪು ಉಳಿಯುವ ಈ ವ್ಯವಹಾರದಲ್ಲಿ ಲಾಭ ಯಾರದ್ದೆಂದು ಹೇಳಬೇಕಾಗಿಲ್ಲ.

ಗೆಲುವನ್ನು ಸಂಭ್ರಮಿಸುವ ಬಗೆಯಲ್ಲೂ ಈ ಬಿಡುವಿಗೆ ಬೆಲೆಯಿದೆ. ಸ್ಟ್ಯಾನ್ಲಿ ಕಪ್ ಗೆದ್ದ ತಂಡದ ಪ್ರತಿ ಆಟಗಾರನಿಗೂ ಬೇಸಿಗೆಯಲ್ಲಿ ಒಂದು ದಿನ ಆ ಕಪ್ ಸಿಗುವ ಸಂಪ್ರದಾಯ 1995ರಿಂದ ನಡೆದುಬಂದಿದೆ. ಸುಮಾರು 90 ಸೆಂಟಿಮೀಟರ್ ಎತ್ತರದ ಬೆಳ್ಳಿಯ ಪಾತ್ರೆ, ಬಿಳಿ ಕೈಗವಸು ತೊಟ್ಟ ಕಾವಲುಗಾರನ ಜೊತೆಗೆ, ಆಟಗಾರರ ಹಳ್ಳಿಗಳಿಗೂ ಆಸ್ಪತ್ರೆಗಳಿಗೂ ಕೆರೆದಂಡೆಯ ಮನೆಗಳಿಗೂ ಹೋಗುತ್ತದೆ. 1996ರಲ್ಲಿ ಕೊಲೊರಾಡೊ ತಂಡದ ಆಟಗಾರರೊಬ್ಬರು ಅದರಲ್ಲೇ ಮಗಳಿಗೆ ದೀಕ್ಷಾಸ್ನಾನ ಮಾಡಿಸಿದರು. ಅಲ್ಲಿಯೂ ನಗರದ ಮೆರವಣಿಗೆಗಳಿವೆ. 2011ರಲ್ಲಿ ಸೋತ ವ್ಯಾಂಕೂವರ್ ಹೊತ್ತಿ ಉರಿದದ್ದೂ ಉಂಟು. ಆದರೂ ಒಂದು ಗೆಲುವನ್ನು ಎರಡು ಮೂರು ತಿಂಗಳ ಉದ್ದಕ್ಕೆ, ಹತ್ತಾರು ಊರುಗಳ ಅಗಲಕ್ಕೆ ಹಂಚಿಬಿಡುವ ಕ್ರಮ ವಿವೇಕದ್ದು. 2025ರ ಜೂನ್ 3ರ ರಾತ್ರಿ ಬೆಂಗಳೂರಿನ ತಂಡ ಹದಿನೆಂಟು ವರ್ಷ ಕಾದ ಕಪ್ ಗೆದ್ದಿತು. ಮರುದಿನ ಸಂಜೆಯೇ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ ಹನ್ನೊಂದು ಮಂದಿ ಬಲಿಯಾದರು. ಅಷ್ಟು ವರ್ಷ ಕಾದವರಿಗೆ ಇನ್ನು ಹದಿನೈದು ದಿನ ಕಾಯುವುದು ಕಷ್ಟವಾಗುತ್ತಿರಲಿಲ್ಲ. ಆ ಹದಿನೈದು ದಿನಗಳಲ್ಲಿ ಕಪ್ ಮೈಸೂರು, ಹುಬ್ಬಳ್ಳಿ, ಕಲಬುರಗಿಗಳನ್ನು ನೋಡಿ ಬರಬಹುದಿತ್ತು.

ಕಾಯುವ ಸುಖವನ್ನು ಬಲ್ಲ ಹಾಕಿ ನಮ್ಮಲ್ಲೇ ಇದೆ, ಕೊಡಗಿನಲ್ಲಿ. ಅಲ್ಲಿ ಲೆಕ್ಕ ತಿರುಗುಮುರುಗು: ಕೆನಡಾದ ಹಾಕಿ ಮಲಗುವ ಹೊತ್ತಿಗೆ ಕೊಡವರ ಹಾಕಿ ಏಳುತ್ತದೆ. ಕಾಫಿ ಕೊಯ್ಲು ಮುಗಿದು ಶಾಲೆಗಳಿಗೆ ರಜೆ ಬಿದ್ದ ಮೇಲೆ, ಏಪ್ರಿಲ್ ಮೇ ತಿಂಗಳುಗಳಲ್ಲಿ, ಕೊಡವ ಕುಟುಂಬಗಳ ನಡುವಿನ ಹಾಕಿ ಉತ್ಸವ. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದಾಗ ಬಂದ ತಂಡಗಳು 60. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ಗೆ 360 ಕುಟುಂಬಗಳು ಬಂದು, ಉತ್ಸವ ಗಿನ್ನೆಸ್ ದಾಖಲೆಗೆ ಸೇರಿತು. ಪ್ರತಿ ವರ್ಷ ಒಂದು ಕುಟುಂಬ ಆತಿಥ್ಯ ವಹಿಸುತ್ತದೆ. ತಂಡದ ಹೆಸರೇ ಮನೆತನದ ಹೆಸರು. ಒಲಿಂಪಿಕ್ಸ್ ಆಡಿದವರ ಪಕ್ಕದಲ್ಲಿ ಶಾಲಾಬಾಲಕ ಆಡುತ್ತಾನೆ, ಹೆಣ್ಣುಮಕ್ಕಳೂ ಅದೇ ತಂಡದಲ್ಲಿ ಇಳಿಯುತ್ತಾರೆ, ನಡುವಯಸ್ಸು ದಾಟಿದ ಚಿಕ್ಕಪ್ಪ ಗೋಲು ಕಾಯುತ್ತಾರೆ. ಮೈದಾನದ ಬದಿಯಲ್ಲಿ ವಾಲಗ, ದುಡಿ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರಂಥ ಆಟಗಾರರನ್ನು ದೇಶಕ್ಕೆ ಕೊಟ್ಟ ನೆಲ ಅದು. ಬೆಂಗಳೂರು, ಮುಂಬೈಗಳಲ್ಲಿ ನೌಕರಿಯಲ್ಲಿರುವವರು ಇದಕ್ಕಾಗಿ ರಜೆ ಉಳಿಸಿಟ್ಟುಕೊಂಡು ಊರಿಗೆ ಬರುತ್ತಾರೆ. ಮದುವೆ ಸಂಬಂಧಗಳ ಮಾತುಕತೆಯೂ ಆ ಮೈದಾನದ ಅಂಚಿನಲ್ಲೇ ಆಗುವುದುಂಟು.

ಇದನ್ನು ವರ್ಷಪೂರ್ತಿ ನಡೆಯುವ ಲೀಗ್ ಮಾಡಿ ದೂರದರ್ಶನಕ್ಕೆ ಮಾರಬಾರದೇಕೆ ಎಂಬ ಸಲಹೆ ಬಂದರೆ ಆಶ್ಚರ್ಯವಿಲ್ಲ. ನಮ್ಮ ಕಾಲವೇ ಅಂಥದು. ಮಾರಬಹುದು. ಆದರೆ ಕೊಡಗಿನ ಮಳೆ ಅದಕ್ಕೆ ಒಪ್ಪಲಿಕ್ಕಿಲ್ಲ. ಜೂನ್ ಮೊದಲ ವಾರದ ಹೊತ್ತಿಗೆ ಮೈದಾನಗಳು ಕೆಸರಾಗಿ, ಕೋಲುಗಳು ಮನೆಯ ಮೂಲೆ ಸೇರಿ, ಗದ್ದೆಯ ಕೆಲಸ ಶುರುವಾಗಿರುತ್ತದೆ. ಮುಂದಿನ ವರ್ಷದ ಆತಿಥ್ಯ ಯಾರದ್ದು, ಆ ಕುಟುಂಬ ಮೈದಾನ ಎಲ್ಲಿ ಸಜ್ಜು ಮಾಡಲಿದೆ ಎಂಬ ಚರ್ಚೆಗೆ ಹತ್ತು ತಿಂಗಳು ಸಮಯವಿರುತ್ತದೆ.