ಹೊಸ ಪಾವತಿ ಪದ್ಧತಿಯೂ ಸಣ್ಣ ವರ್ತಕರೂ

2025ನೆಯ ಇಸವಿಯ ಜುಲೈ ತಿಂಗಳಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಸಂಚರಿಸಿದವರು ಒಂದು ವಿಚಿತ್ರವಾದ ದೃಶ್ಯವನ್ನು ಕಂಡಿರಬಹುದು. ಅದುವರೆಗೆ ಬೇಕರಿ, ಬೀಡಿ ಅಂಗಡಿ, ಹಣ್ಣಿನ ಗಾಡಿಗಳಲ್ಲೆಲ್ಲ ಗಿರಾಕಿಯ ಕಣ್ಣಿಗೆ ಮೊದಲು ಬೀಳುತ್ತಿದ್ದ ಕ್ಯೂಆರ್ ಚೀಟಿಗಳು ಅನೇಕ ಕಡೆಗಳಲ್ಲಿ ಮಾಯವಾಗಿ, ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಕೈಬರಹದ ಕಾಗದಗಳು ಅವುಗಳ ಸ್ಥಾನವನ್ನು ಆಕ್ರಮಿಸಿದ್ದುವು. ವಾಣಿಜ್ಯ ತೆರಿಗೆಗಳ ಇಲಾಖೆಯವರು 2021-22ರಿಂದ 2024-25ರ ವರೆಗೆ ಯುಪಿಐ ಮೂಲಕ ವರ್ತಕರ ಖಾತೆಗಳಿಗೆ ಬಂದ ಹಣವನ್ನು ಲೆಕ್ಕಹಾಕಿ, ನೋಂದಣಿಯ ಮಿತಿಯನ್ನು ಮೀರಿದವರೆಂದು ಸಾವಿರಾರು ಮಂದಿಗೆ ನೋಟೀಸುಗಳನ್ನು ಕಳುಹಿಸಿದುದೇ ಇದಕ್ಕೆ ಕಾರಣವಾಗಿತ್ತು. ಜುಲೈ 23ರಂದು ಮುಖ್ಯಮಂತ್ರಿಗಳು ವರ್ತಕರ ಪ್ರತಿನಿಧಿಗಳನ್ನು ಕರೆಸಿ ಮಾತಾಡಿ, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದೂ, ಆದರೆ ನಿಯಮದಂತೆ ನೋಂದಣಿ ಮಾಡಿಸಿಕೊಳ್ಳಬೇಕೆಂದೂ ಭರವಸೆಯಿತ್ತ ಮೇಲೆ, 25ಕ್ಕೆ ಗೊತ್ತಾಗಿದ್ದ ಬಂದ್ ನಿಂತಿತು. ಗಲಭೆಯೇನೋ ಅಡಗಿತು. ಆದರೆ ಅದು ಎತ್ತಿದ ಪ್ರಶ್ನೆ ಅಡಗಿಲ್ಲ. ಅದನ್ನು ಇಂದು ಶಾಂತಚಿತ್ತದಿಂದ ವಿಚಾರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಈ ಪದ್ಧತಿಯು ನಮ್ಮ ದೇಶದಲ್ಲಿ ಹಬ್ಬಿದ ವೇಗವು ಆಶ್ಚರ್ಯಕರವಾದುದು. ರಾಷ್ಟ್ರೀಯ ಪಾವತಿ ನಿಗಮದವರು 2016ರ ಏಪ್ರಿಲ್ 11ರಂದು ಯುಪಿಐಯನ್ನು ಆರಂಭಿಸಿದರು. ಅದೇ ವರ್ಷದ ನವೆಂಬರಿನಲ್ಲಿ ದೊಡ್ಡ ನೋಟುಗಳ ಚಲಾವಣೆ ರದ್ದಾದಾಗ ಜನರು ನಿರುಪಾಯರಾಗಿ ಇತ್ತ ತಿರುಗಿದರು. 2020ರ ಜನವರಿ 1ರಿಂದ ವರ್ತಕನು ಇದಕ್ಕಾಗಿ ಬ್ಯಾಂಕಿಗೆ ಶುಲ್ಕ ತೆರಬೇಕಾದುದಿಲ್ಲವೆಂಬ ನಿಯಮವಾದ ಮೇಲಂತೂ, ಕಾಸಿಗೆ ಕಾಸು ಎಣಿಸುವ ಸಣ್ಣ ಅಂಗಡಿಕಾರನೂ ಧೈರ್ಯದಿಂದ ಚೀಟಿಯನ್ನು ತೂಗಹಾಕಿದನು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿಗೂ ಮೀರಿ ವ್ಯವಹಾರಗಳು ಈ ಮಾರ್ಗವಾಗಿ ನಡೆದುವು. ಆ ಚೌಕದ ಚಿತ್ರವಾದರೋ 1994ರಲ್ಲಿ ಜಪಾನಿನವರು ಮೋಟಾರು ವಾಹನಗಳ ಬಿಡಿಭಾಗಗಳ ಲೆಕ್ಕವಿಡುವುದಕ್ಕೆಂದು ಕಂಡುಹಿಡಿದದ್ದು. ಕಾರ್ಖಾನೆಯ ಉಗ್ರಾಣದಲ್ಲಿ ಹುಟ್ಟಿದ ಆ ಉಪಾಯವನ್ನು ನಮ್ಮ ಸಂತೆಯ ಸೊಪ್ಪಿನವಳು ತನ್ನ ಬುಟ್ಟಿಯ ಅಂಚಿಗೆ ಸಿಕ್ಕಿಸಿಕೊಂಡಿದ್ದಾಳೆಂದರೆ, ನಮ್ಮವರು ಹೊಸತಕ್ಕೆ ಹೆದರುವವರೆಂಬ ಅಪವಾದವು ಎಷ್ಟು ನಿರಾಧಾರವೆಂಬುದನ್ನು ಬೇರೆ ಹೇಳಬೇಕೆ?

ಇದರಿಂದಾದ ಅನುಕೂಲ ಸಾಮಾನ್ಯವಾದುದಲ್ಲ. ಚಿಲ್ಲರೆಯಿಲ್ಲವೆಂದು ಎರಡು ರೂಪಾಯಿಗೆ ಪೆಪ್ಪರಮಿಂಟು ಕೊಡುವ ಕಾಲ ಹಿಂದಾಯಿತು. ಹರಿದ ನೋಟು, ಖೋಟಾ ನೋಟುಗಳ ಜಗಳ ತಗ್ಗಿತು. ರಾತ್ರಿ ಬಾಗಿಲು ಹಾಕಿ ದಿನದ ವ್ಯಾಪಾರವನ್ನೆಲ್ಲ ಸೊಂಟಕ್ಕೆ ಸಿಕ್ಕಿಸಿಕೊಂಡು ಕತ್ತಲೆಯಲ್ಲಿ ನಡೆಯುವ ಭಯ ಕಡಿಮೆಯಾಯಿತು. ಹಣ ಕೊಟ್ಟಂತೆ ನಟಿಸಿ ಸುಳ್ಳು ಚಿತ್ರವನ್ನು ತೋರಿಸಿ ಹೋಗುವ ಮೋಸಗಾರರು ಹುಟ್ಟಿಕೊಂಡಾಗ, ಬಂದ ಹಣವನ್ನು ಗಟ್ಟಿಯಾಗಿ ಸಾರುವ ಪೆಟ್ಟಿಗೆಯು ಕಟ್ಟೆಯ ಮೇಲೆ ಬಂದು ಕುಳಿತಿತು. ಅದು ಕನ್ನಡದಲ್ಲಿಯೂ ನುಡಿಯುವುದರಿಂದ, ಓದುಬರಹ ಬಾರದ ಹೂವಾಡಗಿತ್ತಿಯೂ ಎರಡು ಕೈಯಲ್ಲಿ ಮಾಲೆ ಕಟ್ಟುತ್ತ ಕಿವಿಯಿಂದಲೇ ತನ್ನ ಜಮೆಯನ್ನು ತಿಳಿಯುತ್ತಾಳೆ. ಯಂತ್ರವು ಜನರ ಭಾಷೆಯನ್ನು ಕಲಿತರೆ ಜನರು ಯಂತ್ರವನ್ನು ಎಷ್ಟು ಬೇಗ ಒಪ್ಪಿಕೊಳ್ಳುವರೆಂಬುದಕ್ಕೆ ಇದಕ್ಕಿಂತ ಉತ್ತಮವಾದ ದೃಷ್ಟಾಂತ ಬೇಡ.

ಇದು ನಮ್ಮ ನಾಡಿಗೆ ಹೊಸ ಪಾಠವೂ ಅಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಪ್ರಸಿದ್ಧವಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಮೆಟ್ಟಿಲನ್ನೇ ಹತ್ತದ ಬಡವನ ಬಾಗಿಲಿಗೆ ಸಂಗ್ರಾಹಕನು ಪ್ರತಿನಿತ್ಯ ಹೋಗಿ ಎರಡಾಣೆಯಷ್ಟು ಅಲ್ಪ ಹಣವನ್ನೂ ಪಡೆದು ಜಮಾ ಮಾಡುತ್ತಿದ್ದನು. ಹನಿ ಹನಿ ಕೂಡಿ ಹಳ್ಳವಾಯಿತು. ಆ ಸಂಸ್ಥೆಯು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾದರೂ ಪಿಗ್ಮಿಯ ಮಾತು ನಮ್ಮ ಪೇಟೆಗಳಲ್ಲಿ ಇಂದಿಗೂ ಸವೆದಿಲ್ಲ. ಆ ಪದ್ಧತಿ ಗೆದ್ದುದು ನಂಬಿಕೆಯ ಬಲದಿಂದ. ಕೊಟ್ಟ ಹಣದ ಗುರುತು ಕೊಟ್ಟವನ ಕೈಯಲ್ಲಿಯೇ ಉಳಿಯುತ್ತಿತ್ತು, ಮತ್ತು ಆ ಗುರುತು ಅವನ ರಕ್ಷಣೆಗಾಗಿ ಇತ್ತು. ಹೊಸ ಪದ್ಧತಿಯಲ್ಲಿಯೂ ಪ್ರತಿಯೊಂದು ರೂಪಾಯಿಯ ಗುರುತು ಉಳಿಯುತ್ತದೆ. ಅದು ವರ್ತಕನ ರಕ್ಷಣೆಗೋ ಶಿಕ್ಷೆಗೋ ಎಂಬುದೇ ಜುಲೈ ತಿಂಗಳಿನ ಪ್ರಶ್ನೆಯಾಗಿದ್ದಿತು.

ಈಗ ಕಾಯಿದೆಯನ್ನು ನೋಡೋಣ. ಸರಕು ಮಾರುವವನ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿಗಳನ್ನೂ, ಸೇವೆ ಒದಗಿಸುವವನದು 20 ಲಕ್ಷವನ್ನೂ ಮೀರಿದರೆ ಜಿಎಸ್‌ಟಿ ನೋಂದಣಿ ಆವಶ್ಯಕ. 40 ಲಕ್ಷವೆಂದರೆ ದೊಡ್ಡ ಮೊತ್ತವೆಂದು ತೋರುತ್ತದೆ. ಆದರೆ ಅದು ದಿನಕ್ಕೆ ಸುಮಾರು 11,000 ರೂಪಾಯಿಗಳ ಮಾರಾಟ ಮಾತ್ರ. ನೂರಕ್ಕೆ ಐದರಂತೆ ಲಾಭವೆಂದು ಹಿಡಿದರೆ ವರ್ಷಕ್ಕೆ 2 ಲಕ್ಷ, ಅಂದರೆ ತಿಂಗಳಿಗೆ 17,000 ರೂಪಾಯಿಯೂ ತುಂಬದು. ಕೇವಲ ಹಾಲು, ತರಕಾರಿಗಳಂತಹ ತೆರಿಗೆಯಿಲ್ಲದ ಪದಾರ್ಥಗಳನ್ನೇ ಮಾರುವವನಿಗೆ ನೋಂದಣಿ ಬೇಕಿಲ್ಲ. ಆದರೆ ಹಾಲಿನ ಜೊತೆಗೆ ಬಿಸ್ಕತ್ತು, ಸಿಗರೇಟುಗಳನ್ನೂ ಮಾರುವವನ ವಹಿವಾಟನ್ನು ಎಣಿಸುವಾಗ ಹಾಲಿನ ಹಣವೂ ಸೇರುತ್ತದೆಂಬ ಸೂಕ್ಷ್ಮವನ್ನು ಎಷ್ಟು ಮಂದಿ ಬಲ್ಲರು?

ಇನ್ನೊಂದು ಲೆಕ್ಕ. ಇದೇ ಅಂಗಡಿಕಾರನ ಸರಕೆಲ್ಲ ನೂರಕ್ಕೆ 18ರ ದರದ್ದೆಂದು ಭಾವಿಸಿರಿ. ಅವನು ಸಕಾಲದಲ್ಲಿ ನೋಂದಣಿ ಮಾಡಿಸಿ, ಖರೀದಿಯ ಮೇಲೆ ತೆತ್ತ ತೆರಿಗೆಯನ್ನು ಕಳೆದು ಲೆಕ್ಕ ಕೊಟ್ಟಿದ್ದರೆ ವರ್ಷಕ್ಕೆ ಸುಮಾರು 36,000 ರೂಪಾಯಿಗಳನ್ನು ಕಟ್ಟುತ್ತಿದ್ದನು. ರಾಜಿ ತೆರಿಗೆಯ ಪದ್ಧತಿಗೆ ಸೇರಿದ್ದರೆ ನೂರಕ್ಕೆ ಒಂದರಂತೆ 40,000 ಆಗುತ್ತಿದ್ದಿತು. ಎರಡನ್ನೂ ಮಾಡದೆ ಇದ್ದು, ಕೆಲವು ವರ್ಷಗಳ ಮೇಲೆ ಇಡೀ ವಹಿವಾಟಿನ ಮೇಲೆ ತೆರಿಗೆ ಬಿದ್ದರೆ ಒಂದೇ ವರ್ಷಕ್ಕೆ 7 ಲಕ್ಷ 20 ಸಾವಿರ! ಬಡ್ಡಿ, ದಂಡಗಳು ಬೇರೆ. ಗಳಿಸಿದ್ದು ಎರಡು ಲಕ್ಷ, ತೆರಬೇಕಾದುದು ಏಳು ಲಕ್ಷವೆಂದಾಗ ಬಡವರ್ತಕನು ಚೀಟಿಯನ್ನು ಕಿತ್ತೆಸೆದನೆಂದರೆ ಅದರಲ್ಲಿ ಆಶ್ಚರ್ಯವೇನು?

ಅಧಿಕಾರಿವರ್ಗದವರಿಗೆ ನಾವು ವಿನಯಪೂರ್ವಕವಾಗಿ ಹೇಳತಕ್ಕದ್ದಿಷ್ಟು. ನೋಟೀಸು ಕೇವಲ ವಿವರಣೆಯನ್ನು ಕೇಳುವ ಪತ್ರ, ಅಂತಿಮ ಆಜ್ಞೆಯಲ್ಲವೆಂಬ ತಮ್ಮ ಸಮಾಧಾನವು ಕಾಯಿದೆಯ ದೃಷ್ಟಿಯಿಂದ ಸರಿಯಿರಬಹುದು. ಆದರೆ ಖಾತೆಗೆ ಬಂದ ಹಣವೆಲ್ಲ ವಹಿವಾಟಲ್ಲ. ಅದರಲ್ಲಿ ಮಗನು ಕಳುಹಿಸಿದ ಹಣವಿರಬಹುದು, ನೆರೆಯವನ ಕೈಸಾಲವಿರಬಹುದು, ಚೀಟಿ ಎತ್ತಿದ ಹಣವಿರಬಹುದು. ಈ ಅಂಕಿಗಳು ಪ್ರತಿವರ್ಷವೂ ಇಲಾಖೆಗೆ ದೊರೆಯುವಂತಿರುವಾಗ, ಮೊದಲನೆಯ ವರ್ಷವೇ ‘ನೀವು ಮಿತಿಯನ್ನು ಸಮೀಪಿಸಿದ್ದೀರಿ, ಎಚ್ಚರವಾಗಿರಿ’ ಎಂದು ತಿಳಿಗನ್ನಡದಲ್ಲಿ ಒಂದು ಸಾಲು ಬರೆದು ತಿಳಿಸಿದ್ದರೆ ಈ ಅನರ್ಥಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಹೊಸ ಸಾಧನದಿಂದ ಅಂಗಡಿಕಾರನು ತನ್ನ ಸೇವೆಯನ್ನು ಸುಧಾರಿಸಿಕೊಂಡನು. ಸರಕಾರವು ಅದೇ ಸಾಧನದಿಂದ ತನ್ನ ಎಚ್ಚರಿಕೆಯ ಸೇವೆಯನ್ನು ಏಕೆ ಸುಧಾರಿಸಿಕೊಳ್ಳಬಾರದು? ನಾಲ್ಕು ವರ್ಷ ಸುಮ್ಮನಿದ್ದು ಐದನೆಯ ವರ್ಷದಲ್ಲಿ ಒಮ್ಮೆಗೇ ಲೆಕ್ಕ ಕೇಳುವುದು ಆಡಳಿತದ ಕುಶಲತೆಯೆನ್ನಿಸದು.

ಬ್ಯಾಂಕಿನವರ ಹೊಣೆಯೂ ಅಲ್ಪವಾದುದಲ್ಲ. ಎಲ್ಲಿಯೋ ನಡೆದ ವಂಚನೆಯ ಹಣದಲ್ಲಿ ಕೆಲವು ನೂರು ರೂಪಾಯಿಗಳು ಕೈಬದಲಾಗುತ್ತ ಬಂದು ಒಬ್ಬ ನಿರಪರಾಧಿ ವರ್ತಕನ ಖಾತೆಯನ್ನು ಮುಟ್ಟಿದರೆ, ದೂರದ ಠಾಣೆಯ ಸೂಚನೆಯ ಮೇಲೆ ಇಡೀ ಖಾತೆಯೇ ಸ್ತಂಭಿಸುವ ಪ್ರಸಂಗಗಳುಂಟು. ವಿವಾದದ ಮೊತ್ತವನ್ನಷ್ಟೇ ತಡೆದು ಉಳಿದ ಹಣವನ್ನು ಬಿಡುವುದೇ ನ್ಯಾಯ. 2025ರ ಮಾರ್ಚ್ 26 ಮತ್ತು ಏಪ್ರಿಲ್ 12ರಂದು ದೇಶಾದ್ಯಂತ ಈ ಪದ್ಧತಿಯು ಕೆಲಕಾಲ ಕೆಟ್ಟು ನಿಂತುದನ್ನು ನೆನೆದರೆ, ನಗದು ಹಣಕ್ಕೂ ಸ್ಥಳವಿರಲೇಬೇಕೆಂಬುದು ಸ್ಪಷ್ಟ. ಯಂತ್ರವನ್ನು ಬಳಸಲಾರದ ವೃದ್ಧರನ್ನು ಅಂಗಡಿಯ ಬಾಗಿಲಿನಿಂದ ಹಿಂದಿರುಗಿಸುವುದು ಸುಧಾರಣೆಯಲ್ಲ.

ಕಡೆಗೆ ವರ್ತಕ ಬಂಧುಗಳಿಗೆ ಒಂದು ಮಾತು. ಅಪ್ರಿಯವಾದರೂ ಹೇಳಲೇಬೇಕಾಗಿದೆ. ನಿಮ್ಮಲ್ಲಿ ಅನೇಕರು ಹೊಸ ಪದ್ಧತಿಯ ಅರ್ಧವನ್ನು ಮಾತ್ರ ಸ್ವೀಕರಿಸಿದಿರಿ. ಹಣ ಪಡೆಯುವ ಯಂತ್ರವನ್ನು ಇಟ್ಟಿರಿ, ಹಣದ ಲೆಕ್ಕವನ್ನು ಇಡಲಿಲ್ಲ. ನಿಮ್ಮ ಅಜ್ಜಂದಿರು ಪ್ರತಿರಾತ್ರಿ ಕಿರ್ದಿ ಬರೆಯದೆ ದೀಪ ಆರಿಸುತ್ತಿರಲಿಲ್ಲ. ಈ ದೋಷಕ್ಕೆ ನಾವೂ ಹೊರತಲ್ಲ. ನಮ್ಮ ಪತ್ರಿಕೆಯ ಕಾರ್ಯಾಲಯದಲ್ಲಿ ಮೊದಲು ಈ ಚೀಟಿಯನ್ನು ಅಂಟಿಸಿದಾಗ ಚಂದಾಹಣ, ಜಾಹೀರಾತಿನ ಹಣ, ಮನೆಯ ಹಣ ಮೂರೂ ಒಂದೇ ಖಾತೆಗೆ ಬಂದು ಸೇರಿ, ವರ್ಷಾಂತ್ಯದಲ್ಲಿ ಅವನ್ನು ಬೇರ್ಪಡಿಸುವುದಕ್ಕೆ ನಾವು ಹಲವು ರಾತ್ರಿಗಳನ್ನು ಕಳೆಯಬೇಕಾಯಿತು. ಅಂದಿನಿಂದ ಮನೆಗೊಂದು, ಕಚೇರಿಗೊಂದು ಖಾತೆ. ನೀವೂ ಹಾಗೆಯೇ ಮಾಡಿರಿ. ಖರೀದಿಯ ರಸೀದಿಗಳನ್ನು ಕೂಡಿಡಿರಿ, ತೆರಿಗೆಯುಳ್ಳ ಸರಕನ್ನೂ ಇಲ್ಲದ ಸರಕನ್ನೂ ಬೇರೆ ಬೇರೆ ಬರೆಯಿರಿ, ಮಿತಿಯನ್ನು ಸಮೀಪಿಸಿದಾಗ ನೋಟೀಸಿಗೆ ಕಾಯದೆ ನೋಂದಣಿ ಮಾಡಿಸಿರಿ. ರಾಜಿ ತೆರಿಗೆಯ ಸೌಕರ್ಯವು ಮುಂದಾಗಿ ಕೇಳಿದವನಿಗೇ ಹೊರತು, ಕಳೆದುಹೋದ ವರ್ಷಗಳಿಗೆ ದೊರೆಯತಕ್ಕದ್ದಲ್ಲ. ಒಬ್ಬೊಬ್ಬರಿಗೂ ಲೆಕ್ಕಪರಿಶೋಧಕನನ್ನು ಇಟ್ಟುಕೊಳ್ಳುವ ಶಕ್ತಿಯಿಲ್ಲವಾದರೆ, ಪ್ರತಿಯೊಂದು ಪೇಟೆಯ ವರ್ತಕ ಸಂಘವು ಒಬ್ಬ ಗುಮಾಸ್ತನನ್ನು ನೇಮಿಸಿ ಎಲ್ಲ ಸದಸ್ಯರ ಲೆಕ್ಕವನ್ನು ಸರಿಪಡಿಸಿಕೊಡಬಹುದಷ್ಟೆ.

ಚೀಟಿಯನ್ನು ಹರಿದು ನಗದಿಗೆ ಹಿಂದಿರುಗುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. ಗಿರಾಕಿಯು ಎದುರಿನ ಅಂಗಡಿಗೆ ಹೋಗುವನು. ಬಾಕಿಯಾದರೋ ಹಾಗೆಯೇ ಉಳಿಯುವುದು. ಲೆಕ್ಕವಿಡುವ ವರ್ತಕನೂ, ಮುಂದಾಗಿ ಎಚ್ಚರಿಸುವ ಸರಕಾರವೂ ಕೂಡಿದರೆ, ಜುಲೈ ತಿಂಗಳಿನ ಆ ಕೈಬರಹದ ಕಾಗದಗಳನ್ನು ನಾವು ಮತ್ತೆ ನೋಡಬೇಕಾಗುವುದಿಲ್ಲ.